ತಂಡದ ಪಟ್ಟಿಯಲ್ಲಿಲ್ಲದ ಸಪನಾ

ರಾಯಬಾಗದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಸಪನಾ ಏಳು ವರ್ಷ ಗುತ್ತಿಗೆಯ ಪ್ರಯೋಗಾಲಯ ಸಹಾಯಕಿಯಾಗಿದ್ದಳು. ಸುಮಾರು ಏಳಲ್ಲ, ಏಳೇ; ನಿವೃತ್ತ ಗುಮಾಸ್ತನಾದ ನಾನು ಅವಳ ಅರ್ಜಿಗಳನ್ನು ಬರೆದುಕೊಡುವವನು, ನೇಮಕಾತಿ ಪತ್ರ ನೋಡಿದ್ದೇನೆ. ಕಳೆದ ಡಿಸೆಂಬರಿನಲ್ಲಿ ನಿಪ್ಪಾಣಿಯ ರೋಬೋಟ್ ಸ್ಪರ್ಧೆಗೆ ಹೊರಟ ಯಂತ್ರದ ನಾಲ್ಕೂ ಗಾಲಿಗಳನ್ನು ಬೇಕಾದ ದಿಕ್ಕಿಗೆ ಹೊರಳಿಸಿ ಓಡಿಸುವ ಪ್ರೋಗ್ರಾಂ ಬರೆದವಳು ಅವಳೇ.

"ಗಾಲಿ ಸರಿ ಓಡಿದ್ರ ತಂಡದ ಪಟ್ಟಿಯೊಳಗ ನಿಮ್ಮ ಹೆಸರು ಹಾಕ್ತೇನ್ರಿ," ಎಂದು ವಿಭಾಗದ ಮುಖ್ಯಸ್ಥ ಶ್ರೇಣಿಕ ಮಾತು ಕೊಟ್ಟಿದ್ದರು. ಖಾಯಂ ಹುದ್ದೆಯ ಅರ್ಜಿಗೆ ಅವಳಿಗೆ ಬೇಕಾಗಿದ್ದ ಪುರಾವೆ ಅದೊಂದೇ.

ಗಾಲಿ ಸರಿ ಓಡಲಿಲ್ಲ. ಮುಂದೆ ಹೋದ ಯಂತ್ರ ಹಿಂದೆ ಬರಬೇಕಾದಾಗಲೆಲ್ಲ ನಾಲ್ಕೂ ಗಾಲಿಗಳು ನಿಂತಲ್ಲೇ ಅರ್ಧ ಸುತ್ತು ತಿರುಗಿ, ಆಮೇಲೆ ಹೊರಡುತ್ತಿದ್ದವು. ಪ್ರತಿ ಸಲ ಒಂದೂಕಾಲು ಸೆಕೆಂಡು ನಷ್ಟ.

"ಏನ್ರಿ ಮೇಡಂ, ರೋಬೋಟ್ ಹೆಣ್ಮಕ್ಕಳಂಗ ಗಿರಕಿ ಹೊಡದು ಫುಗಡಿ ಆಡಾಕತ್ತೈತಲ್ಲ!" ಎಂದು ಶ್ರೇಣಿಕ ಅಣಕಿಸಿದರು.

ತಪ್ಪಿನ ಮೂಲ ಅಲಖನೂರಿನ ಮನೆಯಲ್ಲಿ ತಿಳಿಯಿತು. ತಂದೆ ಸತ್ತೆಪ್ಪ ಮೂವತ್ತೊಂದು ವರ್ಷಗಳಿಂದ ಕಬ್ಬಿನ ಟ್ರ್ಯಾಕ್ಟರ್ ಚಾಲಕ. ಎರಡು ಟ್ರೇಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ಒತ್ತಿದರೆ ನಡುವೆ ಮಡಚಿಕೊಳ್ಳುತ್ತದೆ. ದೊಡ್ಡ ಸುತ್ತು ಹಾಕಿಯೇ ತಿರುಗಿಸಬೇಕು. ಆ ಗಾಡಿಯ ಮೇಲೆ ಬೆಳೆದ ಮಗಳಿಗೆ, ಗಾಲಿಯನ್ನು ಹಿಂದಕ್ಕೂ ಉರುಳಿಸಬಹುದೆಂಬುದು ಹೊಳೆದೇ ಇರಲಿಲ್ಲ.

"ನಿನ್ನ ಗಾಡಿಗೆ ಟ್ರೇಲರ್ ಅದಾವೇನ?" ಎಂದ ಸತ್ತೆಪ್ಪ.

"ಇಲ್ಲಪ್ಪಾ."

"ಮತ್ತ ರಿವರ್ಸ್ ಹಾಕಾಕ ಯಾಕ ಅಂಜತಿ ಬೇ? ಬರೇ ಇಂಜಿನ್ ಇದ್ರ ನಾ ಬೇಕಾದಂಗ ಹಿಂದ ತಗೋತೇನಲ್ಲ!"

ಮರುದಿನ ಅವಳು ನಿಯಮ ಬದಲಿಸಿದಳು: ತಿರುವು ತೊಂಬತ್ತು ಡಿಗ್ರಿ ಮೀರಿದರೆ ಗಾಲಿ ಎದುರು ದಿಕ್ಕಿಗೆ, ನೂರ ಎಂಬತ್ತಕ್ಕೆ ಎಷ್ಟು ಕಡಿಮೆಯೋ ಅಷ್ಟೇ ತಿರುಗಬೇಕು, ಮೋಟಾರು ಹಿಂದಕ್ಕೆ ಓಡಬೇಕು. ನೂರ ಎಪ್ಪತ್ತರ ಬದಲು ಹತ್ತೇ ಡಿಗ್ರಿ. ಯಂತ್ರ ಎಲ್ಲೂ ತಡವರಿಸಲಿಲ್ಲ.

ಪಟ್ಟಿಯಲ್ಲಿ ಮಾತ್ರ ಪ್ರೋಗ್ರಾಂ ಬರೆದವರು ಶ್ರೇಣಿಕ ಎಂದಿತ್ತು. ಕೇಳಿದ್ದಕ್ಕೆ, "ಸಹಾಯಕರ ಹೆಸರು ಹಾಕೋ ಪದ್ಧತಿ ಇಲ್ಲರಿ" ಎಂಬ ಉತ್ತರ. ಮಾತು ಕೊಟ್ಟ ದಿನ ಈ ಪದ್ಧತಿ ಎಲ್ಲಿ ಹೋಗಿತ್ತು?

ನಿಪ್ಪಾಣಿಯಲ್ಲಿ ತೀರ್ಪುಗಾರರು ಆ ನಿಯಮವನ್ನೇ ವಿವರಿಸಲು ಹೇಳಿದರು. ಶ್ರೇಣಿಕ ಹೊರಗೆ ಬಂದು ರಾಯಬಾಗದಲ್ಲೇ ಉಳಿದಿದ್ದ ಸಪನಾಳಿಗೆ ಫೋನ್ ಮಾಡಿದರು.

"ಮೇಡಂ, ಲಗೂನ ಹೇಳ್ರಿ, ತೊಂಬತ್ತು ಡಿಗ್ರಿ ಅಂದ್ರೇನದು?"

"ಹೇಳ್ತೇನ್ರಿ ಸರ್. ಬರದಾಕಿ ಈಕಿ ಅಂತ ಹೇಳಿ, ಫೋನ್ ತೀರ್ಪುಗಾರರ ಕೈಯಾಗ ಕೊಡ್ರಿ."

ಅವರು ಫೋನ್ ಕಟ್ ಮಾಡಿದರು. ವಿವರಣೆಗೆ ಮೀಸಲಾಗಿದ್ದ ಇಪ್ಪತ್ತು ಅಂಕಗಳಲ್ಲಿ ಒಂದೂ ಬರಲಿಲ್ಲ.

ಜನವರಿಯಲ್ಲಿ ಸಪನಾಳ ಗುತ್ತಿಗೆಯನ್ನು ಕೊನೆಗೊಳಿಸಲಾಯಿತು. ಕಾರಣ ಅಸಹಕಾರ ಎಂದು ಪತ್ರ ಹೇಳುತ್ತದೆ. ಎರಡು ಸಲ ಓದಿದ್ದೇನೆ. ಅದರಲ್ಲಿ ಅವಳ ಹೆಸರನ್ನು ತಂದೆಯ ಹೆಸರು ಸಹಿತ, ಒಂದಕ್ಷರವೂ ತಪ್ಪದಂತೆ ಬರೆದಿದ್ದಾರೆ.