ಅವ್ವನ ಮುಖ ಬರೆದುಕೊಟ್ಟ ಕರಾರು

ಶೇಂಗಾ ಹಿಂಡಿಯನ್ನು ನಮ್ಮವ್ವ ವ್ಯಾಪಾರವೆಂದು ಶುರು ಮಾಡಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಬೋರಾಮಣಿಯ ಹೊಲವನ್ನು ಪಾಲಿಗೆ ಕೊಟ್ಟು ನಮ್ಮಣ್ಣನ ಜೊತೆ ಸೋಲಾಪುರಕ್ಕೆ ಬಂದಳು. ಊರಲ್ಲಿ ದುಡಿದ ಕೈ ಸುಮ್ಮನೆ ಕೂಡಲಿಲ್ಲ. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದಪುಡಿ, ಉಪ್ಪು ಒರಳಿಗೆ ಹಾಕಿ, ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ಕುಟ್ಟಿ ಓಣಿಯವರಿಗೆ ಕೊಡುತ್ತಿದ್ದಳು. ಓಣಿಯವರು ಬೀಗರಿಗೆ ಕಳಿಸಿದರು. ಅಕ್ಕಲಕೋಟೆಗೆ ಮದುವೆಯಾಗಿ ಹೋಗಿದ್ದ ನಾನು ಅಲ್ಲಿ ಯಾತ್ರಿಕರು ಬರುವ ಅಂಗಡಿಗಳಲ್ಲಿ ಇಡಿಸಿದೆ. ಪುಣೆ, ಮುಂಬೈ ಕಡೆಯಿಂದ ದರ್ಶನಕ್ಕೆ ಬಂದವರು ಹೋಗುವಾಗ ಪ್ರಸಾದದ ಜೊತೆ ಅವ್ವನ ಹಿಂಡಿಯನ್ನೂ ಕಟ್ಟಿಸಿಕೊಂಡು ಹೋಗತೊಡಗಿದರು.

ಪಾಕೀಟು ಬಂದ ಮೇಲೆ ಹಿಂಡಿ ಚಟ್ನಿಯಾಯಿತು. ಪಾಕೀಟಿನ ಮೇಲೆ ಏನಾದರೂ ಚಿತ್ರ ಬೇಕೆಂದು ಅಣ್ಣ ಒಬ್ಬ ಪೇಂಟರನನ್ನು ಮನೆಗೆ ಕರೆತಂದ. ಅವನು ಅವ್ವನನ್ನೇ ಬರೆದ. ತಲೆ ಮೇಲೆ ಸೆರಗು, ಹಣೆಗೆ ವಿಭೂತಿ, ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ. ಅವ್ವ ನೋಡಿ, "ಈ ಮುದುಕಿ ಮಾರಿ ನೋಡಿ ಯಾರ ತೊಗೋತಾರಪ್ಪ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಜನ ತೆಗೆದುಕೊಂಡರು. ಅಣ್ಣ ಆ ಚಿತ್ರಕ್ಕೂ ಹೆಸರಿಗೂ ಟ್ರೇಡ್‌ಮಾರ್ಕ್ ಮಾಡಿಸಿದ. ಓಡಾಡಿದವನು ಅವನು, ಹಾಗಾಗಿ ಅದು ಅವನ ಹೆಸರಿಗೇ ಆಯಿತು. ಆಗ ಯಾರಿಗೂ ಅದು ತಪ್ಪೆನಿಸಲಿಲ್ಲ. ಮನೆಯ ಗಂಡಸಿನ ಹೆಸರಿಗೆ ಆಗುವುದು ಹೊಸದೇನಲ್ಲವಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣನಿಗೆ ಅಕ್ಕಲಕೋಟೆಯಲ್ಲಿ ಲಾಡ್ಜ್ ಕಟ್ಟುವ ಹುಚ್ಚು ಹಿಡಿಯಿತು. ಅದೇ ಹೊತ್ತಿಗೆ ಸೋಲಾಪುರದ ಒಬ್ಬ ದೊಡ್ಡ ವ್ಯಾಪಾರಿ, ಚಟ್ನಿಯ ಮಾರ್ಕು ತನಗೆ ಬರೆದುಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆಂದ. ಅಣ್ಣ ಒಪ್ಪಿ ಬಂದ ಮೇಲೆಯೇ ನಮಗೆ ಹೇಳಿದ.

ಕರಾರಿನ ದಿನ ವಕೀಲರ ಆಫೀಸಿಗೆ ಅವ್ವನನ್ನೂ ಕರೆದೊಯ್ದ. ಮುಖ ಅವಳದಾದ್ದರಿಂದ ಅವಳ ಸಹಿಯೂ ಬೇಕಿತ್ತು. ನಾನು ಕರೆಯದೆಯೇ ಹೋಗಿದ್ದೆ. ಕಾಗದ ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲು ಓದಿ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಹೆಸರು, ಚಿತ್ರ, ಜನರಲ್ಲಿ ಅದಕ್ಕಿರುವ ಮರ್ಯಾದೆ, ಎಲ್ಲವೂ ಇಂದಿನಿಂದ ಕಾಯಂ ಆಗಿ ಕೊಂಡವರದು. ಇನ್ನು ಮುಂದೆ ಮಗನಾಗಲಿ ತಾಯಿಯಾಗಲಿ ಆ ಚಿತ್ರವನ್ನಾಗಲಿ, ಅದನ್ನು ಹೋಲುವ ಚಿತ್ರವನ್ನಾಗಲಿ ಹಾಕಿ ಚಟ್ನಿ ಮಾರುವಂತಿಲ್ಲ.

"ಹೋಲೂದಂದ್ರ?" ಅವ್ವ ಕೇಳಿದಳು. "ನನ್ನ ಮಾರಿ ನನ್ನ ಹೋಲ್ತದಲ್ಲವ್ವ."

ವಕೀಲರು ನಕ್ಕರು. ಅಣ್ಣನೂ ನಕ್ಕ.

ನಾನು ಅಣ್ಣನನ್ನು ಬಾಗಿಲ ಹೊರಗೆ ಕರೆದೆ. "ಅವ್ವ ಕುಟ್ಟಿದಂಗೇ ಮಾಡಬೇಕು ಅಂತಾದ್ರೂ ಬರಸು. ಮಾಲ್ ಕೆಡಸಿದ್ರ ಚಿತ್ರ ತೆಗೀಬೇಕು ಅಂತ ಬರಸು."

"ಅಂಥಾ ಷರತ್ತ ಹಾಕಿದ್ರ ಅವ್ರು ತೊಗೊಳ್ಳೂದಿಲ್ಲ," ಎಂದ. "ನೀ ಅಕ್ಕಲಕೋಟಿಯಿಂದ ಬಂದಿದ್ದು ಅಡ್ಡಗಾಲ ಹಾಕಾಕೇನು?"

ಒಳಗೆ ಬಂದಾಗ ವಕೀಲರು ಸಹಿಯ ಜಾಗಕ್ಕೆ ಬೆರಳಿಟ್ಟು ಮರಾಠಿಯಲ್ಲಿ ಅವ್ವನಿಗೆ ಹೇಳುತ್ತಿದ್ದರು: "ಆಜೀ, ಇಥೇ ಸಹಿ ಕರಾ." ನಾನು ಪೆನ್ನಿಗೆ ಕೈ ಅಡ್ಡ ಹಿಡಿದೆ. ಅವ್ವ ನನ್ನ ಕೈ ಸರಿಸಿದಳು. "ಬಿಡವ್ವ. ಮಗ ಕೇಳಾಕತ್ತಾನ. ಇಲ್ಲ ಅಂತ ಹ್ಯಾಂಗ ಅನ್ಲಿ?" ಎಂದು, ಅಕ್ಷರ ಕಲಿತ ಮಕ್ಕಳ ಹಾಗೆ ಒತ್ತಿ ಒತ್ತಿ ಹೆಸರು ಬರೆದಳು. ಸಾಕ್ಷಿಗೆ ನನ್ನನ್ನೇ ಕೇಳಿದರು. ನಾನು ಮಾಡಲಿಲ್ಲ. ಅಣ್ಣನ ಗೆಳೆಯನೊಬ್ಬ ಮಾಡಿದ. ಒಳಗೆ ಪೇಢೆ ಹಂಚುವಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

ಹೊಸ ಪಾಕೀಟು ಹೊಳೆಯುತ್ತಿತ್ತು. ಅವ್ವನ ಮುಖವನ್ನು ದೊಡ್ಡದು ಮಾಡಿ ಸುಕ್ಕು ತೆಗೆದಿದ್ದರು. ಒಳಗಿನ ಚಟ್ನಿ ಮಷೀನಿನದು. ಶೇಂಗಾ ಕಡಿಮೆ, ಪುಟಾಣಿ ಬೇಳೆಯ ಹಿಟ್ಟು ಹೆಚ್ಚು, ಬೆಳ್ಳುಳ್ಳಿಯ ವಾಸನೆ ಮಾತ್ರ. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಬಂದಳು.

ಜನ ದೂರತೊಡಗಿದರು. ಭಂಡಾರಕವಠೆಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪರಿಚಯವಿಲ್ಲದ ಹೆಂಗಸೊಬ್ಬಳು ಅವ್ವನ ಗದ್ದದ ಚುಕ್ಕಿ ನೋಡಿ ಗುರುತು ಹಿಡಿದಳು. "ನೀವ ಅಲ್ರಿ ಚಟ್ನಿ ಪಾಕೀಟಿನ ಮ್ಯಾಲಿನ ಕಾಕು? ಸಿಟ್ಟಾಗಬ್ಯಾಡ್ರಿ, ನಿಮ್ಮ ಚಟ್ನಿ ಮೊದಲಿನಂಗ ಇಲ್ಲ ಬಿಡ್ರಿ. ಬರೇ ಹಿಟ್ಟ ತಿಂದಂಗ ಆಗ್ತದ. ಹೆಸರ ಬಂದ ಮ್ಯಾಲ ಕೈ ಬಿಗಿ ಹಿಡದೀರೇನು?"

ಪಂಕ್ತಿಯಲ್ಲಿ ಎಲ್ಲರೂ ಕೇಳಿಸಿಕೊಂಡರು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು, "ಹೌದವ್ವ. ಕೆಟ್ಟಾದ."

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಜಗಳ ತೆಗೆದೆ. ನಾ ಮಾಡಿದ್ದಲ್ಲ ಅನ್ನಲಿಕ್ಕೆ ನಿನಗೆ ಬಾಯಿರಲಿಲ್ಲವೇ ಎಂದು ಕೇಳಿದೆ.

"ನನ್ನ ಮಗ ನನ್ನ ಮಾರ್ಯಾನ ಅಂತ ಮಂದಿ ಮದವ್ಯಾಗ ಹೇಳ್ಲೇನು?" ಎಂದಳು.

ಆದರೂ ಅವಳೇ ಒಂದು ದಿನ ಆ ವ್ಯಾಪಾರಿಯ ಬಳಿ ಹೋಗೋಣವೆಂದಳು. ಅವನು ಕೆಟ್ಟವನಂತೆ ನಡೆದುಕೊಳ್ಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು. ಎದ್ದು ನಿಂತ, ಕುರ್ಚಿ ಕೊಟ್ಟ, ಅವ್ವನ ಕಾಲು ಮುಟ್ಟಿದ. ಅವ್ವ ನೆಟ್ಟಗೆ ಕೇಳಿದಳು: "ಹೆಸರ ನೀವ ಇಟ್ಕೋರಿ. ನನ್ನ ಚಿತ್ರ ಒಂದ ತೆಗೀರಿ. ಮಂದಿ ನನಗ ಬೈತಾರ."

"ಆಯಿ, ಮಂದಿ ಹೆಸರ ಎಲ್ಲಿ ಓದ್ತಾರ್ರಿ? ಮಾರಿ ನೋಡಿ ತೊಗೋತಾರ. ನಾ ಖರೀದಿ ಮಾಡಿದ್ದ ಅದನ್ನಽ," ಎಂದ. ಹೊರಡುವಾಗ ಚಟ್ನಿಯ ಒಂದು ಡಬ್ಬ ತುಂಬಿಸಿ ಕೊಟ್ಟ. ಅವ್ವ ಬೇಡವೆನ್ನದೆ ತೆಗೆದುಕೊಂಡಳು. ಹೋದ ಕಡೆ ಕೊಟ್ಟದ್ದನ್ನು ತಿರುಗಿಸಬಾರದಂತೆ. ರಿಕ್ಷಾ ಸ್ಟ್ಯಾಂಡಿನ ಹತ್ತಿರ ಅದನ್ನು ಒಂದು ಕಟ್ಟೆಯ ಮೇಲಿಟ್ಟು ಬಂದೆವು.

ಕಳೆದ ವರ್ಷ ಅಣ್ಣನ ಲಾಡ್ಜ್ ಶುರುವಾಯಿತು. ಚೆನ್ನಾಗಿಯೇ ನಡೆಯುತ್ತಿದೆ. ದರ್ಶನಕ್ಕೆ ಜನ ಹೆಚ್ಚುವ ಗುರುವಾರ ರೂಮು ಸಿಗುವುದಿಲ್ಲ. ವಾಸ್ತುಶಾಂತಿಯ ದಿನ ಅವ್ವನಿಗೆ ಹೊಸ ಇಳಕಲ್ ಸೀರೆ ಉಡಿಸಿ ಬಾಗಿಲಲ್ಲಿ ಕೂರಿಸಿದ್ದರು. ಕೌಂಟರಿನ ಮೇಲೆ ಯಾತ್ರಿಕರಿಗೆಂದು ಅದೇ ಚಟ್ನಿಯ ಪಾಕೀಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಬಂದವರು ಪಾಕೀಟನ್ನೂ ಅವ್ವನನ್ನೂ ನೋಡಿ, ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವ್ವ ಯಾರಿಗೂ ಒಲ್ಲೆ ಅನ್ನಲಿಲ್ಲ. ಸೆರಗು ಮಾತ್ರ ಗದ್ದದ ತನಕ ಎಳೆದುಕೊಂಡಿದ್ದಳು.

ನನಗೆ ತಡೆಯಲಾಗಲಿಲ್ಲ. ಅಣ್ಣನನ್ನು ಪಕ್ಕಕ್ಕೆ ಕರೆದು ಕೇಳಿದೆ, "ನಿನಗ ಏನೂ ಅನಸೂದಿಲ್ಲೇನು?"

ಅವನು ಯಾರಿಗೋ ರೂಮಿನ ಚಾವಿ ಕೊಡುತ್ತಿದ್ದ. ನನ್ನ ಕಡೆ ತಿರುಗದೆಯೇ ಹೇಳಿದ: "ಸಹಿ ಅವ್ವನಽ ಮಾಡ್ಯಾಳ. ನೀನಽ ಓದಿ ಹೇಳಿದ್ದಿ."

ಅದು ಸುಳ್ಳಲ್ಲ. ಊಟ ಮಾಡದೆ ಮನೆಗೆ ನಡೆದು ಬಂದೆ.