ಮರ್ತುಹೋದ ಕೈ

ನಮ್ಮತ್ತೆಗೆ ಮರೆವಿನ ಕಾಯಿಲೆ ಇರಲಿಲ್ಲ. ನರದ ಕಾಯಿಲೆಯೂ ಇರಲಿಲ್ಲ. ಯಾರ ಕಣ್ಣೂ ಬಿದ್ದಿರಲಿಲ್ಲ. ಮದುವೆಮನೆಯಲ್ಲಿ ಸಿಕ್ಕ ನೆಂಟರು ಇಂದಿಗೂ "ಅವರ ನರ ಈಗ ಹೇಗಿದೆ?" ಎಂದು ಕೇಳುತ್ತಾರಲ್ಲ, ಅವರಿಗೆಲ್ಲ ಒಂದೇ ಸಲ ಉತ್ತರ ಹೇಳಿ ಮುಗಿಸೋಣವೆಂದು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಬಹಳ ಮಂದಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪರವಾಗಿಲ್ಲ, ಎದುರಿಗೆ ಕೂರಿಸಿಕೊಂಡು ನಾನೇ ಓದಿ ಹೇಳುತ್ತೇನೆ.

ನಾನು ದಾವಣಗೆರೆ ಕಡೆಯವಳು. ಕೊಯಮತ್ತೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಗಂಡನ ಊರು ಅಲ್ಲೇ ಹತ್ತಿರದ ನೆಗಮಂ. ತಲೆಮಾರುಗಳಿಂದ ತಮಿಳರ ನಡುವೆ ನೆಲೆಸಿ ಮನೆಯೊಳಗೆ ಕನ್ನಡ ಆಡುವ, ಸೀರೆ ನೇಯುವವರ ಮನೆ. ಅತ್ತೆಯದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಮಾವ ತೀರಿಕೊಂಡ ಮೇಲೂ ಆ ಮಗ್ಗದ ಸದ್ದು ನಿಂತಿರಲಿಲ್ಲ. ಅತ್ತೆಗೆ ಊಟ ತಪ್ಪಿದರೂ ನಡೆಯುತ್ತದೆ, ನೇಯ್ಗೆ ತಪ್ಪಿದರೆ ಮುಖ ಬಾಡುತ್ತದೆ.

ಒಂದು ಬೇಸಿಗೆಯಲ್ಲಿ ನಾನೊಬ್ಬಳೇ ಊರಿಗೆ ಹೋದಾಗ ಅವರು ಎಡಗೈಯನ್ನು ಬಲಗೈಲಿ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದರು.

"ಕೈ ಮರ್ತುಹೋಗ್ತದಮ್ಮಾ," ಎಂದರು.

ಇಷ್ಟು ವರ್ಷ ನೇಯ್ದ ಕೈಗೆ ನೇಯ್ಗೆ ಮರೆತುಹೋಗುತ್ತಿದೆ ಎಂದರೆ ಇನ್ನೇನು ಗತಿ! ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮರೆವಿನ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಕಣ್ಣಲ್ಲಿ ನೀರು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಪೈತ್ಯಂ, ಹುಚ್ಚಿ! ಮರ್ತುಹೋಗೋದು ಅಂದ್ರೆ ಜೋಮು ಹಿಡಿಯೋದು. ತಮಿಳು ಮಾತು ನಮ್ಮ ಮನೆ ಕನ್ನಡದೊಳಗೆ ಸೇರ್ಕೊಂಡಿದೆ. ಅಮ್ಮಂಗೆ ಎಲ್ಲಾ ನೆನಪೈತೆ, ನೀನು ಮದುವೇಲಿ ಉಟ್ಟಿದ್ದ ಸೀರೆ ಅಂಚೂ ನೆನಪೈತೆ."

ನಗು ಅಲ್ಲಿಗೇ ಮುಗಿಯಿತು. ಜೋಮು ಮಾತ್ರ ಬಿಡಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಭಾವ, ಅಂದರೆ ಗಂಡನ ಅಣ್ಣ, ಇದು 'ನರಂಬುತಳರ್ಚಿ' ಎಂದು ತೀರ್ಪು ಕೊಟ್ಟರು. ನರಗಳ ಬಲಹೀನತೆ. ಎಣ್ಣೆ ತಿಕ್ಕಿದ್ದಾಯಿತು, ಲೇಹ್ಯ ನೆಕ್ಕಿದ್ದಾಯಿತು, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಆಯಿತು. ನರ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಹಾಗಾದರೆ ವಯಸ್ಸೇ ಕಾರಣ ಎಂದು ಭಾವ ಇನ್ನೊಂದು ತೀರ್ಪು ಕೊಟ್ಟರು. ಮಗ್ಗ ಬಿಚ್ಚಿ, ಗುಂಡಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿಸುವುದೆಂದು ಮೇಸ್ತ್ರಿಗೂ ಹೇಳಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಅಮ್ಮ ಹಾಯಾಗಿ ಟಿವಿ ನೋಡಿಕೊಂಡು ಇರಲಿ ಎಂದು.

ಅತ್ತೆ ಒಂದು ಮಾತೂ ಎದುರಾಡಲಿಲ್ಲ. ಜಗಳ ಆಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. "ನನ್ನ ಕೈ ಮುಗೀತಮ್ಮಾ, ಬಿಡು" ಎಂದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಏನು ಮುಗಿಯುವುದು? ಕಾರಣ ಗೊತ್ತಾಗದೆ ಯಾವುದೂ ಮುಗಿಯುವುದಿಲ್ಲ ಎಂದು ನಾನು ದಿನಾ ಮಕ್ಕಳಿಗೆ ಪಾಠ ಹೇಳುವವಳು. ಮೇಸ್ತ್ರಿ ಬರುವ ಮೊದಲೇ ರಜೆ ಹಾಕಿ ನೆಗಮಂಗೆ ಹೋದೆ.

"ಅತ್ತೇ, ಅಡುಗೆ ಮಾಡುವಾಗ ಮರ್ತುಹೋಗುತ್ತಾ?"

"ಇಲ್ಲ."

"ಬಟ್ಟೆ ಒಗೆಯುವಾಗ?"

"ಇಲ್ಲಮ್ಮಾ. ಮಗ್ಗದಲ್ಲಿ ಕೂತ್ರೆ ಮಾತ್ರ. ಬಿಸಿಲು ಜಾಸ್ತಿಯಾದ್ಮೇಲೆ ಶುರುವಾಯ್ತು."

ಅದೆಂಥ ರೋಗ? ಅಡುಗೆಮನೆಯಲ್ಲಿ ಸುಮ್ಮನಿದ್ದು ಮಗ್ಗದ ಹತ್ತಿರ ಮಾತ್ರ ಬರುವುದಕ್ಕೆ ಅದಕ್ಕೇನು ದಾರಿ ಗೊತ್ತೇ? ನಾನೇ ಹೋಗಿ ಮಗ್ಗದಲ್ಲಿ ಕೂತೆ. ಗುಂಡಿಯ ಮಣ್ಣು ತಣ್ಣಗೆ ಒದ್ದೆಯಾಗಿತ್ತು. ಬೇಸಿಗೆಯಲ್ಲಿ ನೂಲು ಒಣಗಿ ಹರಿಯಬಾರದೆಂದು ಅವರು ಗುಂಡಿಗೆ ನೀರು ಚಿಮುಕಿಸುತ್ತಾರೆ. ಅವರು ಕೂರುವ ಹಾಗೆಯೇ ಬರಿಗಾಲು ಇಳಿಬಿಟ್ಟು, ಫ್ಯಾನ್ ಹಾಕಿಕೊಂಡು, ಮಗ್ಗದ ಮರದ ಚೌಕಟ್ಟಿಗೆ ಪಕ್ಕದಲ್ಲಿ ಕಟ್ಟಿದ್ದ ಕಬ್ಬಿಣದ ಪೈಪಿನ ಮೇಲೆ ಎಡಮೊಣಕೈ ಊರಿದೆ.

ಜುಂ ಎಂದಿತು. ಮೊಣಕೈಯಿಂದ ಬೆರಳವರೆಗೆ ಇರುವೆ ಹರಿದ ಹಾಗೆ. ಕೈ ತೆಗೆದೆ, ಸುಮ್ಮನಾಯಿತು. ಪೈಪಿಗೆ ಟೆಸ್ಟರ್ ಮುಟ್ಟಿಸಿದೆ. ಅದರ ದೀಪ ಕೆಂಪಗೆ ಹೊತ್ತಿಕೊಂಡಿತು!

ಅಮ್ಮನಿಗೆ ಸೆಖೆಯಾಗುತ್ತದೆಂದು ಭಾವ ಒಂದು ಹಳೇ ಕಬ್ಬಿಣದ ಫ್ಯಾನನ್ನು ತಂದು ಆ ಪೈಪಿಗೇ ತಂತಿಯಲ್ಲಿ ಬಿಗಿದಿದ್ದರು. ಒಳಗಿನ ವೈರು ಸವೆದು ಫ್ಯಾನಿನ ಮೈಗೆಲ್ಲ ಕರೆಂಟು. ಪ್ಲಗ್ಗಿಗೆ ಎರಡೇ ಪಿನ್ನು. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಸೇರಿಸಬೇಕಾದ ಅರ್ತ್ ವೈರು ಇರಲೇ ಇಲ್ಲ. ವೈರಿಲ್ಲದಿದ್ದರೆ ಕರೆಂಟು ನೆಲ ಸೇರಲು ಬೇರೆ ದಾರಿ ಹುಡುಕುತ್ತದೆ. ಒದ್ದೆ ಮಣ್ಣಿನಲ್ಲಿ ಬರಿಗಾಲು ಊರಿ ಕೂತ ನಮ್ಮತ್ತೆಯೇ ಅದಕ್ಕೆ ದಾರಿ.

ಸಂಜೆ ಬಂದ ಭಾವ ನಂಬಲಿಲ್ಲ. "ಶಾಕ್ ಅಡಿಚ್ಚಿದ್ರೆ ಎತ್ತಿ ಎಸೀತಿತ್ತು. ನಾನು ಎಷ್ಟು ಸಲ ಆ ಪೈಪ್ ಮುಟ್ಟಿದ್ದೀನಿ, ನನಗೇನೂ ಆಗಿಲ್ವೇ!"

"ಭಾವಾ, ನೀವು ಮುಟ್ಟಿದ್ದು ಗುಂಡಿಗೆ ಇಳಿಯದೆ, ಮೇಲೆ ಒಣಗಿದ ಮರದ ಹಲಗೆ ಮೇಲೆ ನಿಂತುಕೊಂಡು. ಕರೆಂಟಿಗೆ ನಿಮ್ಮ ಮೂಲಕ ಕೆಳಗಿಳಿಯೋಕೆ ಆಗಲಿಲ್ಲ, ಅಷ್ಟೆ. ಶಾಕ್ ಅಂದ್ರೆ ಎಸೆಯಲೇಬೇಕು ಅಂತಿಲ್ಲ. ಸ್ವಲ್ಪವೇ ಸೋರಿದ್ರೆ ಜೋಮು ಹಿಡಿಯುತ್ತೆ. ಇನ್ನೊಂಚೂರು ಜಾಸ್ತಿ ಸೋರಿದ್ರೆ..."

ಮುಂದಿನದನ್ನು ಹೇಳಬೇಕಾಗಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು. ಪ್ಲಗ್ ಕಿತ್ತು ಫ್ಯಾನನ್ನು ಬಿಚ್ಚಿ ಕೆಳಗಿಳಿಸಿದರು. ಆಮೇಲೆ ಅವರೇ ಹೊರಗೆ ಹೋಗಿ ಮೇಸ್ತ್ರಿಗೆ ಫೋನ್ ಮಾಡಿ ಬರಬೇಡ ಎಂದರು.

ಫ್ಯಾನು ಅದೇ ಇರಲಿ, ಚಪ್ಪಲಿ ಹಾಕಿಕೊಂಡು ನೇಯ್ದರಾಯಿತು ಎಂದು ಪಕ್ಕದ ಮನೆಯವರ ಸಲಹೆ. ಒಂದನೆಯದು, ಅತ್ತೆ ಮಗ್ಗಕ್ಕೆ ಚಪ್ಪಲಿ ತಾಗಲು ಜೀವ ಹೋದರೂ ಬಿಡುವವರಲ್ಲ. ಇನ್ನೊಂದು, ಸೋರುವ ಕಡೆ ಸರಿಮಾಡದೆ ಕಾಲಿಗೆ ರಬ್ಬರು ಹಾಕಿದರೆ ಇವತ್ತು ಅತ್ತೆ ಬಚಾವು, ನಾಳೆ ಇನ್ಯಾರದೋ ಸರದಿ. ನಾನು ಪಟ್ಟು ಬಿಡಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತ್ ಹಾಕಿಸಿ, ಕರೆಂಟು ಸೋರಿದ ತಕ್ಷಣ ತಾನೇ ಬೀಳುವ ಸ್ವಿಚ್ಚನ್ನೂ ಕೂರಿಸಿದ ಮೇಲೆಯೇ ನಾನು ಕಾಫಿ ಕುಡಿದದ್ದು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದು ಗುಂಡಿಗೆ ಕಾಲು ಇಳಿಬಿಟ್ಟರು. ಹೆದರುತ್ತಲೇ ಮೊಣಕೈ ಪೈಪಿನ ಮೇಲಿಟ್ಟರು. ಲಾಳಿ ಹೋಯಿತು, ಬಂತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಮೊಳದಷ್ಟು ನೇಯ್ದ ಮೇಲೆ ಮಗ್ಗದ ಸದ್ದು ನಿಂತಿತು.

"ಏನತ್ತೇ, ಮತ್ತೆ ಮರ್ತುಹೋಯ್ತಾ?" ಎಂದು ಓಡಿದೆ.

ಅವರು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಸವರುತ್ತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಪಾವಂ ಇದು, ಪಾಪದ ಕೈ," ಎಂದರು. "ಕೆಲಸಕ್ಕೆ ಬಾರದ ಕೈ ಅಂತ ಯಾರೂ ಇಲ್ಲದಾಗ ಇದನ್ನ ಗೋಡೆಗೆ ಹಾಕಿ ಹಾಕಿ ಬಡೀತಿದ್ದೆನಮ್ಮಾ."