ಮುದ್ದೇಮಾಲಿನ ಕೌದಿ

ಮೊನ್ನೆ ಟ್ರಂಕು ತೆಗೆದರೆ ಅವ್ವನ ಕೌದಿಯ ಒಂದು ಮೂಲೆಯನ್ನು ಇಲಿ ಕಡಿದುಹಾಕಿತ್ತು. ಹಾಳಾದ್ದಕ್ಕೆ ಉಳಿದ ಮೂರು ಮೂಲೆ ಬೇಡವಾಗಿದ್ದವು, ಅದೇ ಮೂಲೆ ಬೇಕಿತ್ತು! ಬೈಯುತ್ತ ಕೂತವಳಿಗೆ ಬಾಜೂ ಮನೆಯ ಚಾಚಿ ನೆನಪಾದರು...

ಅವ್ವ ತೀರಿಕೊಂಡ ವರ್ಷ ಅವಳ ಸೀರೆಗಳನ್ನೆಲ್ಲ ಕೂಡಿಸಿ ಆ ಕೌದಿ ಹೊಲಿದುಕೊಟ್ಟವರು ಅವರೇ. ಮುಂದೆ ನಾವು ಊರಲ್ಲಿಲ್ಲದಾಗ ಕುಬಿಹಾಳದ ಮನೆಗೆ ಕಳ್ಳರು ನುಗ್ಗಿ, ಹಿತ್ತಾಳೆ ಪಾತ್ರೆಗಳನ್ನು ಅದೇ ಕೌದಿಯಲ್ಲಿ ಗಂಟು ಕಟ್ಟಿ ಒಯ್ದರು. ಪೊಲೀಸರು ಅವರನ್ನು ಹಿಡಿದು ಮಾಲು ಜಪ್ತಿ ಮಾಡಿದರು. ಹಾಗೆ ಜಪ್ತಾದದ್ದಕ್ಕೆ ಮುದ್ದೇಮಾಲು ಅನ್ನುತ್ತಾರೆ. ಗುರುತು ಹೇಳಿದರಷ್ಟೇ ವಾಪಸ್ಸು. ಠಾಣೆಗೆ ಚಾಚಿಯೂ ನನ್ನ ಜೊತೆ ಬಂದರು.

ಪಾತ್ರೆಗಳ ಮೇಲೆ ಅಪ್ಪನ ಹೆಸರು ಕೊರೆಸಿತ್ತು, ತಕರಾರು ಬರಲಿಲ್ಲ. ಕೌದಿಯ ಮೇಲೆ ಯಾರ ಹೆಸರಿರುತ್ತದೆ? ಇನ್ನೊಂದು ಮನೆಯವರೂ ತಮ್ಮದೇ ಅಂದಿದ್ದರಂತೆ.

“ಇಂಥಾ ಕೌದಿ ಎಲ್ಲಾರ ಮನ್ಯಾಗೂ ಇರ್ತಾವ್ರಿ. ಗುರುತು ಏನೈತಿ ಹೇಳ್ರಿ,” ಎಂದರು ಹವಾಲ್ದಾರರು. ಅವರದೂ ತಪ್ಪಿರಲಿಲ್ಲ.

ಅವ್ವನ ಸೀರೆ ಅಂದೆ. ಅಂಥ ಸೀರೆ ಊರತುಂಬ ಇದ್ದವು. ಪಾತ್ರೆ ಹೋದರೆ ಹೋಗಲಿ, ಅವ್ವನದು ಅಂತ ನನಗೆ ಉಳಿದದ್ದು ಅದೊಂದೇ.

ಚಾಚಿ ಮುಂದೆ ಬಂದರು. “ಸಾಹೇಬ್ರ, ಹಸರು ಖಣದ ಮೂಲಿ ಬಿಚ್ಚಿ ನೋಡ್ರಿ. ಒಳಗ ರೊಟ್ಟಿ ತುಣುಕೈತಿ.”

“ಕೌದ್ಯಾಗ ರೊಟ್ಟಿ?”

“ಕೌದಿ ಹಸದಿರಬಾರದು ಅಂತ ಕಡೀಕ ಇಡ್ತೀವ್ರಿ. ಎಲ್ಲಾರೂ ಜ್ವಾಳದ್ದು ಇಡ್ತಾರ. ಇಕಿ ಅವ್ವಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಂದ್ರ ಜೀವ. ನಾ ಅದನ್ನ ಇಟ್ಟೀನಿ.”

ಇದು ನನಗೂ ಗೊತ್ತಿರಲಿಲ್ಲ. ಹವಾಲ್ದಾರರು ನಗುತ್ತಲೇ ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಒಣಗಿ ಕಪ್ಪಾದ ಚೂರೊಂದು ಮೇಜಿನ ಮೇಲೆ ಬಿತ್ತು. ಅದರ ಮೇಲೆ ಎಳ್ಳು ಹಾಗೇ ಅಂಟಿಕೊಂಡಿದ್ದವು. ಅವರ ನಗು ನಿಂತಿತು. ನಾನು ಅಲ್ಲೇ, ಅಷ್ಟು ಮಂದಿಯ ಎದುರೇ, ಬಿಕ್ಕಿ ಬಿಕ್ಕಿ ಅತ್ತೆ.

“ಸುಮ್ಮಿರಬೇ, ಸಿಕ್ಕತಲ್ಲ,” ಎಂದು ಚಾಚಿ ಸೆರಗಿನಿಂದ ನನ್ನ ಮುಖ ಒರೆಸಿದರು. ಕೋರ್ಟಿನ ಕಾಗದಪತ್ರವೆಲ್ಲ ಮುಗಿದು ಕೌದಿ ಮನೆಗೆ ಬಂದ ದಿನ ಹೊಸ ತುಣುಕಿಟ್ಟು ಮೂಲೆ ಮುಚ್ಚಿಕೊಟ್ಟರು. ಅವರ ಉಪಕಾರ ನಾನು ಸಾಯುವ ತನಕ ಮರೆಯುವುದಿಲ್ಲ.

ಚಾಚಿ ಹೋಗಿ ಮೂರು ವರ್ಷವಾಯಿತು... ನಿನ್ನೆ ಸಜ್ಜೆ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಇಲಿ ಕಡಿದ ಮೂಲೆಯನ್ನು ನಾನೇ ಹೊಲಿದೆ. ಹೊಲಿಗೆ ಸೊಟ್ಟಾಯಿತು. ಅವರಿದ್ದಿದ್ದರೆ “ಇದೇನಬೇ, ಎತ್ತು ಉಚ್ಚಿ ಹೊಯ್ದಂಗ,” ಎಂದು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಬಿಚ್ಚಿಸುವವರು ಇನ್ನಿಲ್ಲ, ಹಾಗೇ ಬಿಟ್ಟೆ. ಒಳಗೆ ತುಣುಕು ಮಾತ್ರ ಈ ಸಲ ಎರಡು ಇಟ್ಟಿದ್ದೇನೆ.